ಹ್ಯಾಸ್ಕೆಲ್‌ನಲ್ಲಿ ಸಂಖ್ಯೆಯ ಟೈಪ್ ಬದಲಾವಣೆ ನಿಧಾನವಾದರೆ ಏನು ಮಾಡಬೇಕು?

ಹ್ಯಾಸ್ಕೆಲ್ ಭಾಷೆಯಲ್ಲಿ ಬರೆದ ಪ್ರೋಗ್ರಾಂ ನಿಧಾನವಾಗಿದೆ. ಪ್ರೊಫೈಲ್ ತೆಗೆದು, ಅಂದರೆ ಯಾವ ಭಾಗಕ್ಕೆ ಎಷ್ಟು ಸಮಯ ಹೋಗುತ್ತಿದೆ ಅಂತ ಅಳೆದು ನೋಡಿದರೆ ಗುಣಾಕಾರ, ಸಂಕಲನದಲ್ಲಿ ಸಮಯ ಹೋಗುತ್ತಿಲ್ಲ. ಒಂದು ಟೈಪಿನ ಸಂಖ್ಯೆಯನ್ನು ಇನ್ನೊಂದು ಟೈಪಿಗೆ ತಿರುಗಿಸುವುದರಲ್ಲೇ ಹೋಗುತ್ತಿದೆ. ಹ್ಯಾಸ್ಕೆಲ್ ಬರೆಯುವವರಿಗೆ ಇದು ಯಾವತ್ತಾದರೂ ಎದುರಾಗಿಯೇ ಆಗುತ್ತದೆ. ಆಗ ಕೋಡ್‌ನಲ್ಲಿ ಮೊದಲು ಹುಡುಕಬೇಕಾದ ಹೆಸರು 'ರಿಯಲ್‌ಟುಫ್ರ್ಯಾಕ್'. ಆಮೇಲೆ 'ಫ್ರಮ್‌ಇಂಟಿಗ್ರಲ್'. ಅದರ ನಂತರ 'ರೌಂಡ್', 'ಫ್ಲೋರ್', 'ಟ್ರಂಕೇಟ್'. ಇವೆಲ್ಲ ಸಂಖ್ಯೆಯ ಟೈಪ್ ತಿರುಗಿಸುವ ಫಂಕ್ಷನ್‌ಗಳು.

ನಾನು ಚಿಂತಾಮಣಿಯಲ್ಲಿದ್ದೇನೆ. ಸುತ್ತಲಿನ ಕೆಲವು ಹಳ್ಳಿಗಳ ಹಾಲಿನ ಡೇರಿಗಳಿಗೆ ಲೆಕ್ಕದ ಪ್ರೋಗ್ರಾಂ ಬರೆದುಕೊಡುತ್ತೇನೆ. ಬೆಳಿಗ್ಗೆ ಮತ್ತು ಸಂಜೆ ಹಾಲು ಹಾಕಿದಾಗ ಒಂದೊಂದು ಸಾಲು ಸೇರುತ್ತದೆ: ಸದಸ್ಯರ ನಂಬರ್, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನ ಪದಾರ್ಥ). ಹಾಲು ಪರೀಕ್ಷೆಯ ಮಷಿನ್ ಫ್ಯಾಟನ್ನು 32 ಬಿಟ್‌ನ ದಶಮಾಂಶ ಇರುವ ಸಂಖ್ಯೆ, ಅಂದರೆ ಫ್ಲೋಟ್ ಆಗಿ ಕಳಿಸುತ್ತದೆ. ರೇಟ್ ಚಾರ್ಟ್ ಅಂಥದ್ದೇ ಆದರೆ 64 ಬಿಟ್‌ನ ಡಬಲ್‌ನಲ್ಲಿ ಇರುತ್ತದೆ. ರೈತರಿಗೆ ಸೇರುವ ದುಡ್ಡು ಪೈಸೆಯಲ್ಲಿ, ಅಂದರೆ ಪೂರ್ಣಾಂಕ ಇಡುವ ಇಂಟ್‌ನಲ್ಲಿ. ಹೀಗೆ ಒಂದೇ ಸಾಲಿನಲ್ಲಿ ಮೂರು ಟೈಪ್. ಇನ್ನೂರು ಜನ ಹಾಲು ಹಾಕುವ ಡೇರಿಯಲ್ಲಿ ವರ್ಷಕ್ಕೆ 1,46,000 ಸಾಲು ಆಗುತ್ತದೆ. ಒಂದು ಬಟವಾಡೆ ಸಣ್ಣ ಲೆಕ್ಕ, ಅದಕ್ಕೆ ವೇಗ ಬೇಕಾಗಿಲ್ಲ. ಆದರೆ ಹಳೆಯ ವರ್ಷಗಳನ್ನೆಲ್ಲ ಹೊಸ ಚಾರ್ಟ್‌ನಲ್ಲಿ ಓಡಿಸಿ ನೋಡಬೇಕು ಅಂದಾಗ ಪ್ರತಿ ಸಾಲಿನ ಖರ್ಚೂ ಮುಖ್ಯವಾಗುತ್ತದೆ.

ನಿಧಾನ ಯಾಕೆ?

'ರಿಯಲ್‌ಟುಫ್ರ್ಯಾಕ್' ಏನು ಮಾಡುತ್ತದೆ ಅಂತ ಹ್ಯಾಸ್ಕೆಲ್ ಭಾಷೆಯ ವಿವರಣೆಯಲ್ಲೇ ಇದೆ: ಮೊದಲು 'ಟುರ‍್ಯಾಷನಲ್', ಆಮೇಲೆ 'ಫ್ರಮ್‌ರ‍್ಯಾಷನಲ್'. ಅಂದರೆ ನಿಮ್ಮ ಸಂಖ್ಯೆ ಮೊದಲು ಒಂದು ಭಿನ್ನರಾಶಿ ಆಗುತ್ತದೆ. ಆ ಭಿನ್ನರಾಶಿಯ ಮೇಲಿನ ಅಂಕಿ, ಕೆಳಗಿನ ಅಂಕಿ ಎರಡೂ ಎಷ್ಟು ಉದ್ದಕ್ಕಾದರೂ ಬೆಳೆಯಬಲ್ಲ ಇಂಟಿಜರ್. ಸುಮ್ನೆ 0.1 ಅನ್ನುವ ಡಬಲ್ ತೆಗೆದುಕೊಳ್ಳಿ. ಅದು 3602879701896397 ಭಾಗ 36028797018963968 ಆಗಿ ಬರುತ್ತದೆ. ಈ ಎರಡು ದೊಡ್ಡ ಸಂಖ್ಯೆಗಳಿಂದ ಮತ್ತೆ ಒಂದು ಡಬಲ್ ಕಟ್ಟಬೇಕು. ಎರಡರ ಗಾತ್ರ ನೋಡಬೇಕು, ಭಾಗಿಸಬೇಕು, ಉಳಿದದ್ದನ್ನು ಸರಿಯಾಗಿ ರೌಂಡ್ ಮಾಡಬೇಕು. ಪ್ರತಿ ಹೆಜ್ಜೆಗೂ ಮೆಮೊರಿ ಬೇಕು. ಫ್ಲೋಟ್‌ನಿಂದ ಡಬಲ್‌ಗೆ ಹೋಗಲು ಸಿಪಿಯುನಲ್ಲಿ ಒಂದೇ ಒಂದು ಸೂಚನೆ ಸಾಕು! ಚಿಂತಾಮಣಿಯಿಂದ ಕೋಲಾರಕ್ಕೆ ಹೋಗುವವರು ಬೆಂಗಳೂರಿಗೆ ಹೋಗಿ ಬಸ್ ಬದಲಿಸಿದ ಹಾಗೆ ಇದು.

'ಫ್ರಮ್‌ಇಂಟಿಗ್ರಲ್' ಕೂಡ ಹೀಗೇ ಇಂಟಿಜರ್ ಮೂಲಕ ಹೋಗುತ್ತದೆ. ಆದರೆ ಚಿಕ್ಕ ಇಂಟಿಜರ್‌ಗಳನ್ನು ಜಿಎಚ್‌ಸಿ (ಹ್ಯಾಸ್ಕೆಲ್ ಕೋಡ್ ಅನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್) ಮೆಮೊರಿಯ ಒಂದೇ ವರ್ಡ್‌ನಲ್ಲಿ ಇಡುವುದರಿಂದ ಅದು ಅಷ್ಟು ನೋಯಿಸುವುದಿಲ್ಲ. ಭಿನ್ನರಾಶಿಯ ದಾರಿಯೇ ನಿಜವಾದ ಹೊರೆ.

ಈ ಸುತ್ತು ದಾರಿ ಯಾಕಿಟ್ಟರು ಅಂದರೆ, ಅದು ಎಲ್ಲ ಟೈಪ್‌ಗಳಿಗೂ ಕೆಲಸ ಮಾಡುತ್ತದೆ. ನಾಳೆ ನೀವೇ ಒಂದು ಹೊಸ ಸಂಖ್ಯೆಯ ಟೈಪ್ ಮಾಡಿದರೂ, ಭಿನ್ನರಾಶಿಗೆ ಹೋಗುವ ಮತ್ತು ಅಲ್ಲಿಂದ ಬರುವ ದಾರಿ ಹೇಳಿಕೊಟ್ಟರೆ ಸಾಕು. ಅದು ಒಳ್ಳೆಯ ವಿನ್ಯಾಸವೇ. ವೇಗದ ಭಾರವನ್ನು ಕಂಪೈಲರ್ ಮೇಲೆ ಬಿಟ್ಟಿದ್ದಾರೆ ಅಷ್ಟೇ.

ಮೊದಲು ಆಪ್ಟಿಮೈಸೇಷನ್ ಹಾಕಿ

ಜಿಎಚ್‌ಸಿಯ ಲೈಬ್ರರಿಯಲ್ಲಿ ರೂಲ್ಸ್ ಅನ್ನುವ ವ್ಯವಸ್ಥೆ ಇದೆ. 'ರಿಯಲ್‌ಟುಫ್ರ್ಯಾಕ್' ಫ್ಲೋಟ್‌ನಿಂದ ಡಬಲ್‌ಗೆ ಹೋಗುತ್ತಿದೆ ಅಂತ ಗೊತ್ತಾದರೆ ಅದನ್ನು ತೆಗೆದು 'ಫ್ಲೋಟ್2ಡಬಲ್' ಹಾಕು, ಡಬಲ್‌ನಿಂದ ಡಬಲ್‌ಗೇ ಆದರೆ ಏನೂ ಮಾಡಬೇಡ, ಹೀಗೆ. ಆದರೆ ಈ ರೂಲ್‌ಗಳು ಕೆಲಸ ಮಾಡುವುದು ಆಪ್ಟಿಮೈಸೇಷನ್ (ಕೋಡ್ ವೇಗವಾಗುವಂತೆ ಕಂಪೈಲರ್ ಮಾಡುವ ತಿದ್ದುಪಡಿ) ಇದ್ದಾಗ ಮಾತ್ರ, ಅಂದರೆ -ಓ ಅಥವಾ -ಓ2 ಕೊಟ್ಟಾಗ. ಕಬಾಲ್ ಅನ್ನುವ ಬಿಲ್ಡ್ ಸಾಧನದ ಮೂಲಕ ಕಟ್ಟಿದರೆ -ಓ1 ತಾನಾಗಿಯೇ ಬರುತ್ತದೆ. ಜಿಎಚ್‌ಸಿಯನ್ನು ನೇರವಾಗಿ ಕರೆದರೆ ಬರುವುದಿಲ್ಲ. ರನ್‌ಜಿಎಚ್‌ಸಿಯಲ್ಲಿ ಸ್ಕ್ರಿಪ್ಟ್ ಓಡಿಸಿದರೂ, ಜಿಎಚ್‌ಸಿಐ (ಒಂದೊಂದೇ ಸಾಲು ಬರೆದು ಉತ್ತರ ನೋಡುವ ಜಾಗ) ಒಳಗೆ ಕೂತು ನೋಡಿದರೂ ಬರುವುದಿಲ್ಲ. ಜಿಎಚ್‌ಸಿಐನಲ್ಲಿ ಅಳೆದು 'ಹ್ಯಾಸ್ಕೆಲ್ ನಿಧಾನ' ಅನ್ನುವ ತೀರ್ಮಾನಕ್ಕೆ ದಯವಿಟ್ಟು ಬರಬೇಡಿ.

ಇಲ್ಲಿ ವೇಗಕ್ಕಿಂತ ದೊಡ್ಡ ವಿಷಯ ಒಂದಿದೆ. ರೂಲ್ ಹತ್ತಿದಾಗ ಮತ್ತು ಹತ್ತದಾಗ ಉತ್ತರವೇ ಬೇರೆ ಆಗಬಹುದು. ಸ್ಯಾಂಪಲ್ ಸರಿಯಿಲ್ಲದಾಗ ಕೆಲವು ಮಷಿನ್‌ಗಳು ಫ್ಯಾಟ್ ಜಾಗದಲ್ಲಿ ನ್ಯಾನ್ ಕಳಿಸುತ್ತವೆ, 'ಇದು ಸಂಖ್ಯೆಯೇ ಅಲ್ಲ' ಅಂತ ಹೇಳುವ ಬೆಲೆ ಅದು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿ ಬಂದ ಫ್ಲೋಟ್ ನ್ಯಾನ್ ಅನ್ನು -ಓ ಇರುವಾಗ ಡಬಲ್‌ಗೆ ತಿರುಗಿಸಿದರೆ ನ್ಯಾನ್ ಆಗಿಯೇ ಉಳಿಯುತ್ತದೆ. -ಓ ಇಲ್ಲದಿದ್ದರೆ ಅದು ಭಿನ್ನರಾಶಿಯ ದಾರಿ ಹಿಡಿಯುತ್ತದೆ. ಭಿನ್ನರಾಶಿಯಲ್ಲಿ ನ್ಯಾನ್ ಅನ್ನುವುದೇ ಇಲ್ಲ. ಹಾಗಾಗಿ ಆ ಬಿಟ್‌ಗಳನ್ನೇ ಸಂಖ್ಯೆ ಅಂದುಕೊಂಡು ಓದಿ, ಮೈನಸ್ 5.104235503814077 ಗುಣಿಸು 10ರ ಘಾತ 38 ಅಂತ ಒಂದು ಡಬಲ್ ಕೊಡುತ್ತದೆ. ಇನ್ಫಿನಿಟಿಯೂ ಹಾಗೆಯೇ, 2ರ ಘಾತ 128 ಆಗಿ ಬಿಡುತ್ತದೆ. ಆಮೇಲೆ 'ಇದು ನ್ಯಾನ್ ಹೌದಾ' ಅಂತ ಕೇಳಿದರೆ ಇಲ್ಲ ಅನ್ನುವ ಉತ್ತರ ಬರುತ್ತದೆ, ಯಾಕಂದರೆ ಅದು ಈಗ ಒಂದು ಸಂಖ್ಯೆ! ಅದಕ್ಕೇ ನ್ಯಾನ್ ತಪಾಸಣೆಯನ್ನು ಟೈಪ್ ಬದಲಿಸುವ ಮೊದಲೇ, ಫ್ಲೋಟ್ ಆಗಿರುವಾಗಲೇ ಮಾಡಿ. ಮಷಿನ್‌ನಿಂದ ಬಂದ ಯಾವ ಅಂಕಿಗೂ ಇದನ್ನು ತಪ್ಪಿಸಬೇಡಿ.

ಟೈಪ್ ಗೊತ್ತಿಲ್ಲದಿದ್ದರೆ ರೂಲ್ ಹತ್ತುವುದಿಲ್ಲ

-ಓ2 ಹಾಕಿದರೂ ನಿಧಾನ ಅಂದರೆ, ಮುಕ್ಕಾಲು ಪಾಲು ಕಾರಣ ಇದೇ. 'ಸರಾಸರಿ' ಅನ್ನುವ ಫಂಕ್ಷನ್ ಬರೆದು, ಅದಕ್ಕೆ 'ಯಾವುದೇ ರಿಯಲ್ ಟೈಪಿನ ಪಟ್ಟಿ ಕೊಡಿ, ಯಾವುದೇ ಫ್ರ್ಯಾಕ್ಷನಲ್ ಟೈಪಿನ ಉತ್ತರ ಕೊಡುತ್ತೇನೆ' ಅನ್ನುವ ಸಿಗ್ನೇಚರ್ (ಫಂಕ್ಷನ್‌ನ ಟೈಪ್ ಹೇಳುವ ಸಾಲು) ಕೊಟ್ಟಿದ್ದೀರಿ ಅಂದುಕೊಳ್ಳಿ. ಓದಲು ಚೆನ್ನಾಗಿದೆ. ಆದರೆ ಅದರ ಒಳಗಿನ 'ರಿಯಲ್‌ಟುಫ್ರ್ಯಾಕ್' ಯಾವ ಟೈಪಿನಿಂದ ಯಾವ ಟೈಪಿಗೆ ಅಂತ ಕಂಪೈಲರ್‌ಗೆ ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ರೂಲ್ ಹತ್ತುವುದಿಲ್ಲ, ಪ್ರತಿ ಸಾಲೂ ಭಿನ್ನರಾಶಿ ಆಗುತ್ತದೆ.

ನನ್ನ ಮಟ್ಟಿಗೆ ಮೊದಲ ಮದ್ದು ಸರಳ. ಆ ಫಂಕ್ಷನ್ ನಿಜವಾಗಿ ಬಳಕೆಯಾಗುವುದು ಫ್ಲೋಟ್‌ನಿಂದ ಡಬಲ್‌ಗೆ ಮಾತ್ರ ಆದರೆ, ಸಿಗ್ನೇಚರ್‌ನಲ್ಲೂ ಅದನ್ನೇ ಬರೆಯಿರಿ. ಯಾರೂ ಕೇಳದ ಸಾಮಾನ್ಯ ರೂಪಕ್ಕೆ ಬೆಲೆ ತೆರುವುದು ಬೇಡ. ಲೈಬ್ರರಿ ಬರೆಯುತ್ತಿದ್ದೀರಿ, ಸಾಮಾನ್ಯ ರೂಪ ಬೇಕೇ ಬೇಕು ಅಂದರೆ 'ಇನ್‌ಲೈನ್' ಪ್ರಾಗ್ಮಾ (ಕಂಪೈಲರ್‌ಗೆ ಕೊಡುವ ಸೂಚನೆ) ಹಾಕಿ, ಕರೆದ ಜಾಗದಲ್ಲೇ ಕೋಡ್ ಬಿಚ್ಚಿಕೊಂಡು ಟೈಪ್ ತಿಳಿಯುತ್ತದೆ. ಫಂಕ್ಷನ್ ದೊಡ್ಡದಿದ್ದರೆ 'ಸ್ಪೆಷಲೈಜ್' ಹಾಕಿ, ನೀವು ಹೇಳಿದ ಟೈಪ್‌ಗಳಿಗೆ ಬೇರೆ ಪ್ರತಿ ತಯಾರಾಗುತ್ತದೆ. ಬೇರೆ ಮಾಡ್ಯೂಲ್‌ನಿಂದ ಕರೆಯುವವರಿಗೂ ಈ ಅನುಕೂಲ ಸಿಗಬೇಕು ಅಂದರೆ 'ಇನ್‌ಲೈನಬಲ್'.

ಇದಕ್ಕೆ ಅಂಟಿಕೊಂಡ ಇನ್ನೊಂದು ತೊಂದರೆ ಡೀಫಾಲ್ಟಿಂಗ್. ಟೈಪ್ ಹೇಳದೆ 'ಫ್ಲೋರ್' ಬರೆದು, ಅದರ ಉತ್ತರದ ಟೈಪ್ ಬೇರೆ ಎಲ್ಲೂ ತೀರ್ಮಾನ ಆಗದಿದ್ದರೆ, ಹ್ಯಾಸ್ಕೆಲ್ ಇಂಟಿಜರ್ ಆರಿಸಿಕೊಳ್ಳುತ್ತದೆ. ವರ್ಗ ತೆಗೆಯಲು ಬರೆದ ಘಾತ 2 ಕೂಡ ಹೀಗೇ ಇಂಟಿಜರ್ ಆಗುತ್ತದೆ. -ಡಬ್ಲ್ಯೂಆಲ್ ಹಾಕಿ ಕಂಪೈಲ್ ಮಾಡಿದರೆ ಇಂಥ ಕಡೆಯೆಲ್ಲ ಎಚ್ಚರಿಕೆ ಬರುತ್ತದೆ. ಆ ಎಚ್ಚರಿಕೆಗಳನ್ನು ನಾನು ಒಂದೂ ಬಿಡದೆ ಸರಿಮಾಡುತ್ತೇನೆ.

ನೇರ ದಾರಿ

ಜಿಎಚ್‌ಸಿಯ 'ಫ್ಲೋಟ್' ಮಾಡ್ಯೂಲ್‌ನಲ್ಲಿ, ಅಂದರೆ 'ಜಿಎಚ್‌ಸಿ.ಫ್ಲೋಟ್'ನಲ್ಲಿ, ನಾಲ್ಕು ಫಂಕ್ಷನ್ ಇವೆ: 'ಫ್ಲೋಟ್2ಡಬಲ್', 'ಡಬಲ್2ಫ್ಲೋಟ್', 'ಇಂಟ್2ಡಬಲ್', 'ಡಬಲ್2ಇಂಟ್'. ಇವು ರೂಲ್‌ಗಾಗಿ ಕಾಯುವುದಿಲ್ಲ. ಆಪ್ಟಿಮೈಸೇಷನ್ ಇರಲಿ ಬಿಡಲಿ, ನೇರ ಯಂತ್ರದ ಸೂಚನೆಗೇ ಹೋಗುತ್ತವೆ. ನ್ಯಾನ್ ನ್ಯಾನ್ ಆಗಿಯೇ ಉಳಿಯುತ್ತದೆ. ಇದನ್ನು ಬಳಸಿದರೆ ಕೋಡ್ ಜಿಎಚ್‌ಸಿಗೆ ಅಂಟಿಕೊಳ್ಳುತ್ತದೆ ಅಂತ ಕೆಲವರು ಬೇಡ ಅನ್ನುತ್ತಾರೆ. ಜಾಸ್ತಿ ಓಡುವ ಲೂಪ್‌ನಲ್ಲಿ ನಾನು ಇವನ್ನೇ ಆರಿಸುತ್ತೇನೆ. ರೂಲ್ ಹತ್ತಿತೋ ಇಲ್ಲವೋ ಅನ್ನುವ ಚಿಂತೆಯೇ ಇರುವುದಿಲ್ಲ, ಓದುವವರಿಗೆ ಯಾವುದರಿಂದ ಯಾವುದಕ್ಕೆ ಅಂತಲೂ ಕಾಣುತ್ತದೆ.

ಎರಡು ಎಚ್ಚರಿಕೆ. 'ಡಬಲ್2ಇಂಟ್' ದಶಮಾಂಶವನ್ನು ಕತ್ತರಿಸುತ್ತದೆ, ರೌಂಡ್ ಮಾಡುವುದಿಲ್ಲ. ಮತ್ತೆ, ಇಂಟ್‌ಗೆ ಹಿಡಿಸದಷ್ಟು ದೊಡ್ಡ ಡಬಲ್ ಕೊಟ್ಟರೆ ಬರುವ ಉತ್ತರವನ್ನು ನಂಬುವ ಹಾಗಿಲ್ಲ. ಇಂಟ್‌ನಿಂದ ಡಬಲ್‌ಗೆ ಹೋಗುವಾಗಲೂ ಮಿತಿ ಇದೆ: ಡಬಲ್‌ನಲ್ಲಿ ಪೂರ್ಣಾಂಕಕ್ಕೆ 53 ಬಿಟ್ ಮಾತ್ರ. 9007199254740992 ದಾಟಿದ ಇಂಟ್‌ಗಳು ಡಬಲ್ ಆಗುವಾಗ ಕೊನೆಯ ಅಂಕಿ ಕಳೆದುಕೊಳ್ಳಬಹುದು.

ಸಿ ಭಾಷೆಯ ಲೈಬ್ರರಿಗಳ ಜೊತೆ ಕೆಲಸ ಮಾಡುವವರಿಗೆ 'ಸಿಡಬಲ್', 'ಸಿಫ್ಲೋಟ್' ಸಿಗುತ್ತವೆ. ಅವು ಡಬಲ್, ಫ್ಲೋಟ್ ಮೇಲೆ ಹಾಕಿದ ನ್ಯೂಟೈಪ್ ಹೊದಿಕೆ ಅಷ್ಟೇ, ಅಂದರೆ ಟೈಪಿನ ಹೆಸರು ಮಾತ್ರ ಬೇರೆ, ಒಳಗಿನ ಬಿಟ್‌ಗಳು ಅವೇ. ಅಲ್ಲಿ ಸಂಖ್ಯೆ ತಿರುಗಿಸುವ ಮಾತೇ ಬೇಡ, 'ಡೇಟಾ.ಕೊಅರ್ಸ್' ಮಾಡ್ಯೂಲ್‌ನ 'ಕೊಅರ್ಸ್' ಸಾಕು. ಅದಕ್ಕೆ ಓಡುವಾಗ ಖರ್ಚೇ ಇಲ್ಲ. ಇಡೀ ಪಟ್ಟಿಯನ್ನು ಒಂದೇ ಸಲ ಕೊಟ್ಟರೂ ಅಷ್ಟೇ, ಪ್ರತಿ ಸಂಖ್ಯೆಯನ್ನು ಮುಟ್ಟುವ ಕೆಲಸವೂ ಇರುವುದಿಲ್ಲ.

ರೌಂಡ್ ಮಾಡುವಾಗ ಪೈಸೆ ನೋಡಿ

'ರೌಂಡ್'ಗೂ ರೂಲ್ ಇದೆ, ಉತ್ತರ ಇಂಟ್ ಅಂತ ಹೇಳಿದರೆ ವೇಗವಾಗಿಯೇ ಓಡುತ್ತದೆ. ಇಂಟಿಜರ್ ಕೇಳಿದರೆ ಮಾತ್ರ ನಿಧಾನ. ಆದರೆ ಹ್ಯಾಸ್ಕೆಲ್‌ನ 'ರೌಂಡ್' ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮ ಸಂಖ್ಯೆಗೆ ಹೋಗುತ್ತದೆ. 2.5 ಕೊಟ್ಟರೆ 2, 3.5 ಕೊಟ್ಟರೆ 4. ಶಾಲೆಯಲ್ಲಿ ಕಲಿತದ್ದು ಹಾಗಲ್ಲ, ಅಲ್ವಾ? ಅರ್ಧ ಬಂದರೆ ಮೇಲಕ್ಕೆ ಅಂತ ಕಲಿತಿದ್ದೇವೆ. ಲೀಟರಿಗೆ 36 ರೂಪಾಯಿ 30 ಪೈಸೆ ಅಂತ ಇಟ್ಟುಕೊಂಡು 4.35 ಲೀಟರಿಗೆ ಲೆಕ್ಕ ಹಾಕಿ. ಸರಿಯಾದ ಉತ್ತರ 15790.5 ಪೈಸೆ. ಸಮ ಸಂಖ್ಯೆಯ ನಿಯಮದಲ್ಲಿ 157 ರೂಪಾಯಿ 90 ಪೈಸೆ, ಮೇಲಕ್ಕೆ ಹೋಗುವ ನಿಯಮದಲ್ಲಿ 157 ರೂಪಾಯಿ 91 ಪೈಸೆ.

ಯಾವುದು ಸರಿ ಅಂತ ಪ್ರೋಗ್ರಾಂ ಬರೆಯುವವರು ತೀರ್ಮಾನ ಮಾಡುವ ಹಾಗಿಲ್ಲ. ಡೇರಿಯ ಸೆಕ್ರೆಟರಿಯವರನ್ನು ಕೇಳಬೇಕು. ನಾನು ಕೇಳಿದಾಗ ಒಬ್ಬರು ಹೇಳಿದ್ದು: "ಅಕ್ಕಾ, ಒಂದು ಪೈಸೆ ತಾನೇ ಅಂತ ನಮಗನ್ನಿಸಬಹುದು. ಹಾಲು ಹಾಕೋರು ಪಾಸ್‌ಬುಕ್ ಇಟ್ಕೊಂಡು ಮನೇಲಿ ಕೂತು ಗುಣಿಸಿ ನೋಡ್ತಾರೆ. ಅವರ ಲೆಕ್ಕ, ನಮ್ಮ ಲೆಕ್ಕ ಒಂದೇ ಬರ್ಬೇಕು." ಅವರು ಹೇಳಿದ್ದು ನೂರಕ್ಕೆ ನೂರು ಸರಿ. ವೇಗ ಹೆಚ್ಚಿಸುವ ಯಾವ ಬದಲಾವಣೆಯೂ ಆ ಪೈಸೆಯನ್ನು ಕದಲಿಸಬಾರದು.

ವೇಗಕ್ಕಾಗಿ 0.5 ಕೂಡಿಸಿ ಕತ್ತರಿಸುವ ತಂತ್ರ ಬಹಳ ಜನ ಬಳಸುತ್ತಾರೆ. ಬೇಡ. ಋಣ ಸಂಖ್ಯೆಗಳಿಗೆ ಅದು ತಪ್ಪು ದಿಕ್ಕಿಗೆ ಹೋಗುತ್ತದೆ, ಹಿಂದಿನ ಬಾಕಿ ಕಳೆಯುವಾಗ ಋಣ ಸಂಖ್ಯೆ ಬರುವುದು ಮಾಮೂಲು. ಧನ ಸಂಖ್ಯೆಯಲ್ಲೂ 0.49999999999999994ಕ್ಕೆ 0.5 ಕೂಡಿಸಿದರೆ ಡಬಲ್‌ನಲ್ಲಿ 1.0 ಬರುತ್ತದೆ. ಅರ್ಧಕ್ಕಿಂತ ಕಡಿಮೆ ಇದ್ದದ್ದು ಒಂದಾಗಿ ಬಿಡುತ್ತದೆ.

ಎಲ್ಲಕ್ಕಿಂತ ವೇಗದ ದಾರಿ: ಬದಲಿಸದೇ ಇರುವುದು

ಇಷ್ಟೆಲ್ಲ ಆದ ಮೇಲೆ ನಾನು ಎಲ್ಲರಿಗೂ ಹೇಳುವುದು ಇದನ್ನೇ. ಟೈಪ್ ಬದಲಾವಣೆಯನ್ನು ಲೂಪ್‌ನಿಂದ ಹೊರಗೆ ತಳ್ಳಿ. ಡೇಟಾ ಒಳಗೆ ಬರುವ ಬಾಗಿಲಲ್ಲಿ ಒಂದು ಸಲ ಮಾಡಿ, ಆಮೇಲೆ ಒಂದೇ ಟೈಪ್‌ನಲ್ಲಿ ಇರಿ.

ಹಾಲಿನ ಲೆಕ್ಕದಲ್ಲಿ ಇದು ಚೆನ್ನಾಗಿ ಕೂರುತ್ತದೆ. ಫ್ಯಾಟ್ 4.1 ಅನ್ನುವುದನ್ನು 41 ಅನ್ನುವ ಇಂಟ್ ಆಗಿ ಇಡಿ. ಎಸ್‌ಎನ್‌ಎಫ್ 8.5 ಇದ್ದರೆ 85. 4.35 ಲೀಟರ್ ಅಂದರೆ 435, ಹತ್ತು ಮಿಲಿಲೀಟರಿಗೆ ಒಂದರಂತೆ. ರೇಟ್ ಪೈಸೆಯಲ್ಲಿ, 3630. ಆಗ ರೇಟ್ ಚಾರ್ಟ್ ಅನ್ನುವುದು ಫ್ಯಾಟ್ ಮತ್ತು ಎಸ್‌ಎನ್‌ಎಫ್ ಇಂಡೆಕ್ಸ್ ಆಗಿರುವ ಒಂದು ಅನ್‌ಬಾಕ್ಸ್ಡ್ ಅರೇ (ಸಂಖ್ಯೆಗಳನ್ನು ಒಂದರ ಪಕ್ಕ ಒಂದು ನೇರವಾಗಿ ಇಡುವ ಪಟ್ಟಿ) ಆಗುತ್ತದೆ. ಡಬಲ್‌ಗಳನ್ನು ಹೋಲಿಸುವ ಕಷ್ಟವೇ ಇಲ್ಲ. 435 ಗುಣಿಸು 3630, ಅದಕ್ಕೆ 50 ಕೂಡಿಸಿ 100ರಿಂದ 'ಕೋಟ್' (ಪೂರ್ಣಾಂಕ ಭಾಗಾಕಾರ) ಮಾಡಿದರೆ ಅರ್ಧ ಮೇಲಕ್ಕೆ ಹೋಗುವ ಪೈಸೆ ಸಿಗುತ್ತದೆ. ಇಲ್ಲಿ ಎಲ್ಲವೂ ಪೂರ್ಣಾಂಕ, ಸಂಖ್ಯೆಗಳು ಸೊನ್ನೆಗಿಂತ ಕಡಿಮೆ ಆಗುವುದಿಲ್ಲ, ಹಾಗಾಗಿ ಇದು ಸುರಕ್ಷಿತ. 'ಡಿವ್' ಬದಲು 'ಕೋಟ್' ಯಾಕೆ ಅಂದರೆ ಅದು ಯಂತ್ರದ ಭಾಗಾಕಾರಕ್ಕೆ ನೇರ ಹೊಂದುತ್ತದೆ. ಲೀಟರ್, ಪೈಸೆ, ಫ್ಯಾಟ್ ಎಲ್ಲವೂ ಇಂಟ್ ಆದರೆ ಕಲಸಿ ಹೋಗುವುದಿಲ್ಲವೇ? ಅದಕ್ಕೇ ಒಂದೊಂದಕ್ಕೂ ಒಂದೊಂದು ನ್ಯೂಟೈಪ್ ಮಾಡಿ, ಅದರಿಂದ ಓಟಕ್ಕೆ ಖರ್ಚಿಲ್ಲ. ನಾನು ಈ ಕೆಲಸಕ್ಕೆ ಹ್ಯಾಸ್ಕೆಲ್ ಹಿಡಿದದ್ದೇ ಇದಕ್ಕಾಗಿ.

ಬಾಗಿಲಲ್ಲಿ ಮಾತ್ರ ಎಚ್ಚರ ಬೇಕು. 4.35 ಅನ್ನುವ ಡಬಲ್ ಅನ್ನು 100ರಿಂದ ಗುಣಿಸಿದರೆ 434.99999999999994 ಬರುತ್ತದೆ. ಅದನ್ನು 'ಟ್ರಂಕೇಟ್' ಮಾಡಿದರೆ 434. ಹಾಲು ಹಾಕಿದವರಿಗೆ ಹತ್ತು ಮಿಲಿಲೀಟರ್ ಹೋಯಿತು! ಫ್ಲೋಟ್‌ನಿಂದ ಬಂದ 4.35 ಅಂತೂ ಡಬಲ್ ಆದಾಗ ಸುಮಾರು 4.3499999 ಆಗಿ ಕಾಣುತ್ತದೆ. ಈ ಜಾಗದಲ್ಲಿ ಯಾವಾಗಲೂ 'ರೌಂಡ್' ಬಳಸಿ, ಉತ್ತರ ಇಂಟ್ ಅಂತ ಹೇಳಿ.

ಅಂಕಿ ಅಕ್ಷರದ ರೂಪದಲ್ಲಿ, ಅಂದರೆ ಫೈಲ್‌ನಲ್ಲಿ ಬರುತ್ತಿದ್ದರೆ ಡಬಲ್ ಮುಟ್ಟುವ ಅಗತ್ಯವೇ ಇಲ್ಲ. 'ರೀಡ್' ಬಳಸಬೇಡಿ, ಅದು ಬಹಳ ನಿಧಾನ. ಬೈಟ್‌ಸ್ಟ್ರಿಂಗ್ ಲೈಬ್ರರಿಯ 'ರೀಡ್‌ಇಂಟ್' ತೆಗೆದುಕೊಳ್ಳಿ. ಚುಕ್ಕೆಯ ತನಕ ಒಂದು ಇಂಟ್, ಚುಕ್ಕೆಯ ನಂತರ ಇನ್ನೊಂದು ಇಂಟ್. ಚುಕ್ಕೆಯ ನಂತರ ಎಷ್ಟು ಅಂಕಿ ಇದ್ದವು ಅನ್ನುವುದನ್ನು ಎಣಿಸಲೇಬೇಕು: 4.5ರ 5 ಅಂದರೆ 50, 4.05ರ 05 ಅಂದರೆ 5. ಹೊರಗೆ ಬರೆಯುವಾಗಲೂ ಪೈಸೆಯನ್ನು 100ರಿಂದ 'ಕೋಟ್‌ರೆಮ್' (ಭಾಗಲಬ್ಧ, ಶೇಷ ಎರಡನ್ನೂ ಕೊಡುವುದು) ಮಾಡಿ, ಪೈಸೆ ಒಂದೇ ಅಂಕಿ ಇದ್ದರೆ ಮುಂದೆ ಸೊನ್ನೆ ಹಾಕಿ ಬರೆಯಿರಿ.

ಜೇಸನ್‌ನಲ್ಲಿ (ಪ್ರೋಗ್ರಾಂಗಳು ಡೇಟಾ ಕಳಿಸಿಕೊಳ್ಳುವ ಒಂದು ಅಕ್ಷರ ರೂಪ) ಬರುವ ಡೇಟಾಗೆ ಬೇರೆ ಮಾತು. ಅದನ್ನು ಓದುವ ಈಸನ್ ಲೈಬ್ರರಿ ಸಂಖ್ಯೆಗಳನ್ನು 'ಸೈಂಟಿಫಿಕ್' ಟೈಪ್‌ನಲ್ಲಿ ಕೊಡುತ್ತದೆ. ಅದರ ಮೇಲೆ 'ರಿಯಲ್‌ಟುಫ್ರ್ಯಾಕ್' ಬಳಸುವುದು ನಿಧಾನ ಮಾತ್ರ ಅಲ್ಲ, ಅಪಾಯ ಕೂಡ. ಯಾರಾದರೂ 10ರ ಘಾತ ನೂರು ಕೋಟಿ ಅನ್ನುವ ಸಂಖ್ಯೆ ಕಳಿಸಿದರೆ, ಭಿನ್ನರಾಶಿ ಮಾಡಲು ಹೋಗಿ ಮೆಮೊರಿ ಪೂರ್ತಿ ತಿಂದು ಪ್ರೋಗ್ರಾಂ ಬಿದ್ದು ಹೋಗುತ್ತದೆ. ಕಳಿಸಿದ ಅಕ್ಷರ ಹತ್ತೋ ಹನ್ನೆರಡೋ ಇರುತ್ತದೆ, ಅಷ್ಟೇ. ಆ ಟೈಪ್ ಕೊಡುವ ಸೈಂಟಿಫಿಕ್ ಲೈಬ್ರರಿಯಲ್ಲೇ 'ಟುರಿಯಲ್‌ಫ್ಲೋಟ್' ಮತ್ತು 'ಟುಬೌಂಡೆಡ್‌ಇಂಟಿಜರ್' ಇವೆ, ಅವನ್ನೇ ಬಳಸಿ.

ಇನ್ನೊಂದು ಮಾತು ಸೋಮಾರಿ ಲೆಕ್ಕದ ಬಗ್ಗೆ. ರೆಕಾರ್ಡ್‌ನ ಫೀಲ್ಡ್‌ಗಳಿಗೆ ಆಶ್ಚರ್ಯಸೂಚಕ ಚಿಹ್ನೆ ಹಾಕಿ ಸ್ಟ್ರಿಕ್ಟ್ ಮಾಡದಿದ್ದರೆ, ಬದಲಾವಣೆ ಆಗಲೇ ಆಗುವುದಿಲ್ಲ. 'ಮುಂದೆ ಮಾಡುತ್ತೇನೆ' ಅನ್ನುವ ಥಂಕ್ ಆಗಿ ರಾಶಿ ಬೀಳುತ್ತದೆ. ಸ್ಟ್ರಿಕ್ಟ್ ಮಾಡಿ, ಜೊತೆಗೆ 'ಅನ್‌ಪ್ಯಾಕ್' ಪ್ರಾಗ್ಮಾ ಹಾಕಿ.

ಓಕ್ಯಾಮಲ್ ಅನ್ನುವ ಇನ್ನೊಂದು ಭಾಷೆಯಲ್ಲಿ ಬರೆಯುವವರಿಗೆ ಈ ಭಿನ್ನರಾಶಿಯ ಕಾಟ ಇಲ್ಲ. ಅಲ್ಲಿ 'ಫ್ಲೋಟ್_ಆಫ್_ಇಂಟ್' ಅಂತ ಪ್ರತಿ ಸಲ ಕೈಯಾರೆ ಬರೆಯಬೇಕು, ಅದು ನೇರ ದಾರಿಯೇ. ಅಲ್ಲಿ ಖರ್ಚು ಬರುವುದು ಫ್ಲೋಟ್‌ಗಳನ್ನು ಬಾಕ್ಸ್ ಮಾಡುವುದರಿಂದ, ಅಂದರೆ ಒಂದೊಂದನ್ನೂ ಮೆಮೊರಿಯಲ್ಲಿ ಬೇರೆ ಇಡುವುದರಿಂದ. ಫ್ಲೋಟ್ ಅರೇಯಲ್ಲಿ ಇಟ್ಟರೆ ಬಹುಪಾಲು ತಪ್ಪುತ್ತದೆ.

ಆಯಿತಾ ಅಂತ ನೋಡುವುದು

ಊಹೆ ಬೇಡ, ಕಂಪೈಲರ್ ಕೊಟ್ಟ ಕೋರ್ ಕೋಡ್ (ನಿಮ್ಮ ಕೋಡ್ ಮತ್ತು ಯಂತ್ರದ ಭಾಷೆಯ ನಡುವಿನ ರೂಪ) ನೋಡಿ. -ಡಿಡಂಪ್-ಸಿಂಪಲ್ ಹಾಕಿದರೆ ಅದು ಬರುತ್ತದೆ. ಅದರಲ್ಲಿ 'ರ‍್ಯಾಷನಲ್‌ಟುಡಬಲ್', 'ಟುರ‍್ಯಾಷನಲ್' ಅಂತ ಹುಡುಕಿ. ನಿಮ್ಮ ಲೂಪ್ ಒಳಗೆ ಸಿಕ್ಕರೆ ಸುತ್ತು ದಾರಿ ಇನ್ನೂ ಇದೆ. 'ಫ್ಲೋಟ್2ಡಬಲ್#' ಅಂತ ಕೊನೆಗೆ ಹ್ಯಾಶ್ ಇರುವ ಹೆಸರು ಕಂಡರೆ ನೇರ ದಾರಿ. ಯಾವ ರೂಲ್ ಹತ್ತಿತು ಅಂತ ಪಟ್ಟಿ ಬೇಕಾದರೆ -ಡಿಡಂಪ್-ರೂಲ್-ಫೈರಿಂಗ್ಸ್. ಕೋರ್ ಓದಲು ಮೊದಮೊದಲು ಗಾಬರಿ ಆಗುತ್ತದೆ, ಪೂರ್ತಿ ಅರ್ಥ ಆಗಬೇಕಿಲ್ಲ. ಈ ನಾಲ್ಕೈದು ಹೆಸರು ಗುರುತಿಸಿದರೆ ಸಾಕು.

ಪ್ರೊಫೈಲ್ ಮಾಡುವಾಗ ಎಲ್ಲ ಫಂಕ್ಷನ್‌ಗಳಿಗೂ ಗುರುತು ಹಾಕಿದರೆ ಆ ಗುರುತುಗಳೇ ಇನ್‌ಲೈನ್ ಆಗುವುದನ್ನು ತಡೆಯುತ್ತವೆ, ರೂಲ್ ಹತ್ತುವುದಿಲ್ಲ. ಇಲ್ಲದ ನಿಧಾನ ಕಾಣಿಸುತ್ತದೆ. ಜಿಎಚ್‌ಸಿ 9.4ರಿಂದ -ಎಫ್‌ಪ್ರೊಫ್-ಲೇಟ್ ಇದೆ, ಅದು ಆಪ್ಟಿಮೈಸೇಷನ್ ಮುಗಿದ ಮೇಲೆ ಗುರುತು ಹಾಕುತ್ತದೆ. ಪ್ರೋಗ್ರಾಂ ಓಡಿಸುವಾಗ ಆರ್‌ಟಿಎಸ್‌ಗೆ (ಪ್ರೋಗ್ರಾಂ ಜೊತೆಗೇ ಓಡುವ ಹ್ಯಾಸ್ಕೆಲ್‌ನ ಸಹಾಯಕ ಭಾಗ) -ಎಸ್ ಕೊಟ್ಟು ಒಟ್ಟು ಎಷ್ಟು ಮೆಮೊರಿ ಹಂಚಿಕೆ ಆಯಿತು ಅಂತಲೂ ನೋಡಿ. ಭಿನ್ನರಾಶಿಗಳು ಹೋದರೆ ಆ ಅಂಕಿ ಎದ್ದು ಕಾಣುವಷ್ಟು ಇಳಿಯುತ್ತದೆ. ಸಣ್ಣ ತುಂಡುಗಳನ್ನು ಅಳೆಯಲು ಕ್ರೈಟೀರಿಯನ್ ಅಥವಾ ಟೇಸ್ಟಿ-ಬೆಂಚ್ ಲೈಬ್ರರಿ ಸಾಕು.

ಬದಲಾಯಿಸಿದ ಪ್ರೋಗ್ರಾಂ ಡೇರಿಗೆ ಹೋಗುವ ಮೊದಲು ಹಳೆಯದನ್ನೂ ಹೊಸದನ್ನೂ ಒಂದೇ ಡೇಟಾ ಮೇಲೆ ಓಡಿಸಿ, ಸದಸ್ಯರ ನಂಬರ್ ಮತ್ತು ಪೈಸೆ ಮಾತ್ರ ಇರುವ ಎರಡು ಪಟ್ಟಿ ತೆಗೆಯಿರಿ, ಎರಡರ ವ್ಯತ್ಯಾಸ ತೋರಿಸುವ 'ಡಿಫ್' ಹಾಕಿ. ಎರಡನ್ನೂ -ಓ ಇಲ್ಲದೆ ಒಮ್ಮೆ, ಇದ್ದು ಒಮ್ಮೆ ಮಾಡಿ. ಯಾವುದಾದರೂ ಸಾಲು ಬೇರೆ ಬಂದರೆ ಆ ಸಾಲಿನ ಲೀಟರ್, ಫ್ಯಾಟ್, ರೇಟ್ ತೆಗೆದುಕೊಂಡು ಕಾಗದದ ಮೇಲೆ ಗುಣಿಸಿ, ಯಾವ ಪ್ರೋಗ್ರಾಂ ಸರಿ ಅಂತ ತಿಳಿದ ಮೇಲೆ ಸೆಕ್ರೆಟರಿಯವರಿಗೆ ಆ ಸಾಲನ್ನೇ ತೋರಿಸಿ. ಡಬಲ್ ಬಿಟ್ಟು ಇಂಟ್‌ಗೆ ಬಂದಾಗ ಅರ್ಧ ಪೈಸೆಯ ಸಾಲುಗಳಲ್ಲಿ ಇಂಥ ವ್ಯತ್ಯಾಸ ಬರುತ್ತದೆ, ಅದು ಹೊಸ ಬಟವಾಡೆಗೆ ಮುಂಚೆಯೇ ಅವರಿಗೆ ಗೊತ್ತಿರಬೇಕು.